ಪಟ್ಟಿಯಿಂದಲೇ ಹೆಸರು ಹೋದ ತಂಡ: ಭಾರತದ ಮಹಿಳಾ ಫುಟ್‌ಬಾಲ್, ಒಂದು ಪ್ರಕರಣ ಅಧ್ಯಯನ

2009ರಲ್ಲಿ ಫಿಫಾದ ಮಹಿಳಾ ರ‍್ಯಾಂಕಿಂಗ್ ಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಸಲ ಹುಡುಕಿದರೂ ಭಾರತದ ಹೆಸರು ಸಿಗುತ್ತಿರಲಿಲ್ಲ. ಸೋತು ಸೋತು ತಳಕ್ಕೆ ಹೋಗಿದ್ದರೆ ತಳದಲ್ಲಾದರೂ ಇರಬೇಕಿತ್ತಲ್ಲ, ಅಲ್ಲೂ ಇರಲಿಲ್ಲ. ಆಗಿನ ನಿಯಮ ತುಂಬಾ ಸರಳ. ಒಂದು ದೇಶದ ತಂಡ 18 ತಿಂಗಳು ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದಿದ್ದರೆ ಅದರ ಹೆಸರು ತೆಗೆಯುತ್ತಿದ್ದರು. ನಮ್ಮ ತಂಡ ಅಷ್ಟು ಕಾಲ ಮೈದಾನಕ್ಕೇ ಇಳಿದಿರಲಿಲ್ಲ. ಹೆಸರು ಹೋಯಿತು.

ಇದೇ ತಂಡ ಅದಕ್ಕೂ ಕಾಲು ಶತಮಾನ ಮೊದಲು ಏಷ್ಯಾ ಚಾಂಪಿಯನ್‌ಶಿಪ್‌ನ ಫೈನಲ್ ಆಡಿತ್ತು. ಒಂದು ಸಲ ಅಲ್ಲ, ಎರಡು ಸಲ. ಏಷ್ಯಾದ ಫೈನಲ್ ಆಡಿದ ತಂಡ ಲೆಕ್ಕಕ್ಕೇ ಇಲ್ಲದ ಹಾಗೆ ಆಗಿದ್ದು ಹೇಗೆ, ಮತ್ತೆ ಎದ್ದು ನಿಂತಿದ್ದು ಹೇಗೆ ಅನ್ನೋದೇ ಈ ಪ್ರಕರಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಆಡುವ ಹುಡುಗಿಯರಿಗೆ ಯಾವತ್ತೂ ಬರ ಇರಲಿಲ್ಲ. ಬರ ಇದ್ದದ್ದು ಪಂದ್ಯಗಳಿಗೆ. ಕೆಳಗೆ ಬರುವ ಒಂದೊಂದು ವರ್ಷವನ್ನೂ ಈ ಮಾತಿಗೆ ಹಚ್ಚಿ ನೋಡಿ, ಸರಿಯೋ ತಪ್ಪೋ ನೀವೇ ಹೇಳಿ.

ಶುರುವಾದದ್ದು ಚೆನ್ನಾಗಿಯೇ

ಏಷ್ಯಾದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಅಂತ ಒಂದು ಪ್ರತ್ಯೇಕ ಒಕ್ಕೂಟ ಹುಟ್ಟಿದ್ದು 1968ರಲ್ಲಿ. ಗಂಡಸರ ಫುಟ್‌ಬಾಲ್ ನಡೆಸುತ್ತಿದ್ದ ಏಷ್ಯನ್ ಕಾನ್ಫೆಡರೇಷನ್‌ಗೂ ಇದಕ್ಕೂ ಸಂಬಂಧ ಇರಲಿಲ್ಲ. ತೈವಾನ್, ಹಾಂಗ್‌ಕಾಂಗ್, ಮಲೇಷ್ಯಾ, ಸಿಂಗಾಪುರದವರು ಸೇರಿ ತಾವೇ ಕಟ್ಟಿಕೊಂಡ ಒಕ್ಕೂಟ ಅದು. ಅವರ ಮೊದಲ ಏಷ್ಯಾ ಟೂರ್ನಿ 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ಅದೇ ವರ್ಷ ನಮ್ಮಲ್ಲೂ ವಿಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ ಶುರುವಾಯಿತು. ಇದೂ ಅಷ್ಟೇ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಹೊರಗೇ ಇದ್ದ ಸಂಸ್ಥೆ. ಹೆಚ್ಚು ದುಡ್ಡಿಲ್ಲ, ದೊಡ್ಡ ಆಫೀಸಿಲ್ಲ, ಆದರೆ ಆಸಕ್ತಿ ಇದ್ದವರು ಇದ್ದರು.

1979ರ ಕೊನೆಗೆ, 1980ರ ಹೊಸ ವರ್ಷದ ಹೊತ್ತಿಗೆ, ಏಷ್ಯಾ ಚಾಂಪಿಯನ್‌ಶಿಪ್ ನಮ್ಮ ಪಕ್ಕದ ಕಲ್ಲಿಕೋಟೆಗೇ ಬಂತು. ಭಾರತ ಅಲ್ಲಿ ಎರಡು ತಂಡಗಳನ್ನು ಇಳಿಸಿತ್ತು ಅಂದರೆ ಈಗ ನಂಬೋದು ಕಷ್ಟ. ಎರಡು ತಂಡಕ್ಕೆ ಸಾಕಾಗುವಷ್ಟು ಆಟಗಾರ್ತಿಯರು ನಮ್ಮಲ್ಲಿದ್ದರು! ಅವುಗಳಲ್ಲಿ ಒಂದು ಫೈನಲ್‌ವರೆಗೂ ಹೋಗಿ ತೈವಾನ್ ಎದುರು ಸೋತಿತು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಅಲ್ಲಿ ಥಾಯ್ಲೆಂಡ್ 3-0 ಅಂತರದಲ್ಲಿ ಗೆದ್ದಿತು. ಆ ವರ್ಷವೇ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್‌ಗಾಗಿ ಅರ್ಜುನ ಪಡೆದ ಮೊದಲ ಹೆಣ್ಣುಮಗಳು ಅವರು. ಬೆಂಗಳೂರಿನ ಚಿತ್ರಾ ಗಂಗಾಧರನ್ ಕೂಡ ಆ ತಲೆಮಾರಿನ ಆಟಗಾರ್ತಿಯೇ. ಭಾರತಕ್ಕೆ ಆಡಿದರು, ಮುಂದೆ ಕೋಚ್ ಆಗಿ ಹುಡುಗಿಯರಿಗೆ ಆಟ ಕಲಿಸಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆಗಿನ ಏಷ್ಯಾ ಟೂರ್ನಿ ಇವತ್ತಿನಷ್ಟು ಗಟ್ಟಿ ಇರಲಿಲ್ಲ. ಚೀನಾ ಇನ್ನೂ ಕಣಕ್ಕೆ ಇಳಿದಿರಲಿಲ್ಲ, ಉತ್ತರ ಕೊರಿಯಾವೂ ಇಲ್ಲ. ಹಾಗಾಗಿ "ನಾವು ಒಂದು ಕಾಲದಲ್ಲಿ ಏಷ್ಯಾದಲ್ಲೇ ನಂಬರ್ ಎರಡು" ಅಂತ ಎದೆ ತಟ್ಟಿಕೊಳ್ಳುವಾಗ ಸ್ವಲ್ಪ ನೋಡಿಕೊಂಡು ತಟ್ಟಿಕೊಳ್ಳಬೇಕು. ಆದರೆ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಿದ್ದ ಕಾಲ ಅದು, ಆ ಗೆರೆಯಲ್ಲಿ ನಾವೂ ಇದ್ದೆವು. ನನಗೆ ಮುಖ್ಯ ಅನ್ನಿಸೋದು ಇದು.

ಕಾಣೆಯಾದ ವರ್ಷಗಳು

1986ರ ಏಷ್ಯಾ ಟೂರ್ನಿಗೆ ಭಾರತ ಹೋಗಲಿಲ್ಲ. 1989ಕ್ಕೂ ಇಲ್ಲ, 1991ಕ್ಕೂ ಇಲ್ಲ, 1993ಕ್ಕೂ ಇಲ್ಲ. ಮತ್ತೆ ಕಾಣಿಸಿಕೊಂಡಿದ್ದು 1995ರಲ್ಲಿ. ನಡುವೆ 12 ವರ್ಷ.

ಸುಮ್ನೆ 12 ವರ್ಷ ಅಂದರೆ ಏನೂ ಅನ್ನಿಸದೇ ಇರಬಹುದು. ಆ ವರ್ಷಗಳಲ್ಲಿ ಬೇರೆಯವರು ಏನು ಮಾಡಿದರು ಅಂತ ನೋಡಿ. 1986ರಲ್ಲಿ ಏಷ್ಯಾದ ಮಹಿಳಾ ಒಕ್ಕೂಟ ದೊಡ್ಡ ಕಾನ್ಫೆಡರೇಷನ್ ಒಳಗೆ ಸೇರಿತು. ಅದೇ ವರ್ಷ ಚೀನಾ ಮೊದಲ ಸಲ ಟೂರ್ನಿಗೆ ಬಂತು, ಬಂದ ಸಲವೇ ಗೆದ್ದಿತು, ಅದೂ ಸೇರಿ 1999ರವರೆಗೆ ಸತತ ಏಳು ಸಲ ಕಪ್ಪನ್ನು ಬಿಟ್ಟುಕೊಡಲೇ ಇಲ್ಲ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್ ಸೇರಿತು. 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು, ಅದೂ ಏಷ್ಯಾದ ನೆಲದಲ್ಲಿ, ಚೀನಾದಲ್ಲಿ. 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೂ ಬಂತು. ಅಂದರೆ ಸರ್ಕಾರಗಳು, ಫೆಡರೇಷನ್‌ಗಳು ಈ ಆಟಕ್ಕೆ ದುಡ್ಡು ಹಾಕಲು ಒಂದು ಕಾರಣ ಹುಟ್ಟಿದ್ದೇ ಆ ಹತ್ತು ಹನ್ನೆರಡು ವರ್ಷಗಳಲ್ಲಿ. ಸರಿಯಾಗಿ ಆ ಹೊತ್ತಲ್ಲೇ ನಾವು ಮನೆಯಲ್ಲಿದ್ದೆವು.

ನಮ್ಮ ಮಹಿಳಾ ಫೆಡರೇಷನ್ ಅಖಿಲ ಭಾರತ ಫೆಡರೇಷನ್ ಒಳಗೆ ಸೇರಿದ್ದು 90ರ ದಶಕದ ಶುರುವಿನಲ್ಲಿ. ರಾಜ್ಯಗಳ ನಡುವಿನ ಸೀನಿಯರ್ ರಾಷ್ಟ್ರೀಯ ಚಾಂಪಿಯನ್‌ಶಿಪ್ 1991ರಿಂದ ಹೊಸ ವ್ಯವಸ್ಥೆಯಲ್ಲಿ ಶುರುವಾಯಿತು. ಸೇರಿದ್ದು ಒಳ್ಳೆಯದೇ, ಬೇರೆ ದಾರಿಯೂ ಇರಲಿಲ್ಲ. ಆದರೆ ದೊಡ್ಡ ಸಂಸ್ಥೆಯ ಒಳಗೆ ಹೆಣ್ಣುಮಕ್ಕಳ ತಂಡಕ್ಕೆ ಸಿಕ್ಕಿದ್ದು ಗಂಡಸರ ತಂಡಕ್ಕೆ ಖರ್ಚು ಮಾಡಿ ಉಳಿದದ್ದು. ಈ ದೂರು ಆಗಲೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ಅಷ್ಟು ವರ್ಷ ಆಡದೇ ಇದ್ದದ್ದರ ಬೆಲೆ ಎಷ್ಟು ಅಂತ 1998ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ನಮ್ಮ ಮೇಲೆ 16 ಗೋಲು ಹಾಕಿತು. ನಮ್ಮದು ಸೊನ್ನೆ. ಹದಿನೈದು ವರ್ಷದ ಹಿಂದೆ ಇದೇ ಬ್ಯಾಂಕಾಕ್‌ನಲ್ಲಿ ಏಷ್ಯಾ ಫೈನಲ್ ಆಡಿದ್ದ ದೇಶ! ಆ ದಿನ ಮೈದಾನದಲ್ಲಿದ್ದ ಹುಡುಗಿಯರನ್ನು ಬಯ್ಯೋದಕ್ಕೆ ನನಗಂತೂ ಮನಸ್ಸು ಬರಲ್ಲ. ಎದುರಿಗೆ ಇದ್ದವರು ಮರುವರ್ಷ ವಿಶ್ವಕಪ್ ಫೈನಲ್ ಆಡಿದ ತಂಡ. ವರ್ಷಪೂರ್ತಿ ಒಟ್ಟಿಗೆ ಇದ್ದು, ಒಟ್ಟಿಗೆ ಆಡಿದವರು. ನಮ್ಮವರು ಟೂರ್ನಿ ಬಂದಾಗ ಮಾತ್ರ ಕ್ಯಾಂಪಿಗೆ ಬಂದು ಒಬ್ಬರನ್ನೊಬ್ಬರು ಹೊಂದಿಸಿಕೊಳ್ಳಬೇಕಿದ್ದವರು.

ಮಣಿಪುರ ಹಿಡಿದುಕೊಂಡಿತ್ತು

ಇಷ್ಟೆಲ್ಲ ಆದರೂ ಆಟ ಸಾಯಲಿಲ್ಲ, ಯಾಕೆ? ಮುಖ್ಯ ಕಾರಣ ಮಣಿಪುರ. ಸೀನಿಯರ್ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ಅವರು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ದೇಶದ ಒಂದು ಮೂಲೆಯ ಪುಟ್ಟ ರಾಜ್ಯ ರಾಷ್ಟ್ರೀಯ ತಂಡದ ಭಾರವನ್ನು ಮೂವತ್ತು ವರ್ಷ ಹೊತ್ತಿದೆ ಅಂದರೆ ಅದು ಸಣ್ಣ ಮಾತಲ್ಲ.

ಒಯಿನಾಮ್ ಬೆಂಬೆಮ್ ದೇವಿ ಅವರನ್ನೇ ತೆಗೆದುಕೊಳ್ಳಿ. ಇಂಫಾಲ್‌ನವರು. ಚಿಕ್ಕಂದಿನಲ್ಲಿ ಆಡಲು ಹುಡುಗಿಯರ ತಂಡ ಸಿಗುತ್ತಿರಲಿಲ್ಲ. ಹುಡುಗರ ಜೊತೆ ಆಡಬೇಕಾದರೆ ತಮ್ಮ ಹೆಸರನ್ನು ಬೋಬೋ ಅಂತಲೋ ಅಮ್ಕೋ ಅಂತಲೋ ಹೇಳಿಕೊಂಡು ಸೇರಿಕೊಳ್ಳುತ್ತಿದ್ದರು, ಹುಡುಗಿ ಅಂತ ಗೊತ್ತಾದರೆ ಸೇರಿಸಿಕೊಳ್ಳಲ್ಲ ಅನ್ನೋ ಭಯ. 1995ರಲ್ಲಿ, 15ನೇ ವಯಸ್ಸಿಗೆ, ಗುವಾಮ್ ವಿರುದ್ಧ ಭಾರತಕ್ಕೆ ಮೊದಲ ಪಂದ್ಯ ಆಡಿದರು. ಅಲ್ಲಿಂದ ಎರಡು ದಶಕ ಮಿಡ್‌ಫೀಲ್ಡ್ ಅವರದ್ದೇ. ತಂಡದ ಹೆಸರು ರ‍್ಯಾಂಕಿಂಗ್‌ನಲ್ಲಿ ಇಲ್ಲದ ಕಾಲವನ್ನೂ ಕಂಡರು, ಅದು ಮತ್ತೆ ಬಂದದ್ದನ್ನೂ ಕಂಡರು. ಹೊಟ್ಟೆಪಾಡಿಗೆ ಮಣಿಪುರ ಪೊಲೀಸ್‌ನಲ್ಲಿ ಕೆಲಸ. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು, 2020ರಲ್ಲಿ ಪದ್ಮಶ್ರೀ. ಶಾಂತಿ ಮಲ್ಲಿಕ್ ಅವರ ನಂತರ ಅರ್ಜುನ ಪಡೆದ ಎರಡನೇ ಮಹಿಳಾ ಫುಟ್‌ಬಾಲರ್ ಇವರು. ಮಧ್ಯೆ 34 ವರ್ಷದ ಅಂತರ ಇದೆ. ಅಷ್ಟು ವರ್ಷದಲ್ಲಿ ಒಬ್ಬರೂ ಯೋಗ್ಯರಿರಲಿಲ್ಲ ಅಂತ ನಾನು ನಂಬೋದಿಲ್ಲ. ಆಡಿದ್ದನ್ನು ನೋಡುವವರು ಇರಲಿಲ್ಲ.

ಪೊಲೀಸ್, ರೈಲ್ವೆ, ಸಶಸ್ತ್ರ ಸೀಮಾ ಬಲ. ಇವತ್ತಿಗೂ ನಮ್ಮ ಎಷ್ಟೋ ಆಟಗಾರ್ತಿಯರಿಗೆ ಗ್ಯಾರಂಟಿ ಸಂಬಳ ಬರೋದು ಇಂಥ ಇಲಾಖೆಗಳಿಂದಲೇ. ಕ್ಲಬ್ ವ್ಯವಸ್ಥೆ ಇಲ್ಲದ ಕಾಲದಲ್ಲಿ ಈ ನೌಕರಿಗಳೇ ಹುಡುಗಿಯರನ್ನು ಆಟದಲ್ಲಿ ಉಳಿಸಿದವು. ನೌಕರಿ ಸಿಗದವರು ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಬೂಟು ಬಿಚ್ಚಿಟ್ಟರು.

ಥಾಯ್ಲೆಂಡ್ ಏನು ಮಾಡಿತು

1983ರ ಫೈನಲ್‌ನಲ್ಲಿ ಎದುರುಬದುರು ನಿಂತಿದ್ದ ಎರಡು ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಪ್ರಕರಣ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಥಾಯ್ಲೆಂಡ್ ಕೂಡ ನಮ್ಮ ಹಾಗೇ, ಗಂಡಸರ ವಿಶ್ವಕಪ್‌ಗೆ ಯಾವತ್ತೂ ಹೋಗದ ದೇಶ. ಚೀನಾ, ಜಪಾನ್‌ನಷ್ಟು ಬಲ ಅದಕ್ಕೂ ಇಲ್ಲ. ಆದರೆ ಅವರು ಆಡುವುದನ್ನು ನಿಲ್ಲಿಸಲಿಲ್ಲ. ಆಗ್ನೇಯ ಏಷ್ಯಾ ದೇಶಗಳ ನಡುವಿನ ಟೂರ್ನಿ, ಅದೇ ದೇಶಗಳ ಕ್ರೀಡಾಕೂಟವಾದ ಸೀ ಗೇಮ್ಸ್, ಏಷ್ಯಾ ಕಪ್ (ಹಳೆಯ ಏಷ್ಯಾ ಚಾಂಪಿಯನ್‌ಶಿಪ್‌ನ ಈಗಿನ ಹೆಸರು), ಏನಾದರೂ ಒಂದು ಇದ್ದೇ ಇರುತ್ತಿತ್ತು.

ಆಮೇಲೆ 2000ರ ದಶಕದ ಕೊನೆಯಲ್ಲಿ ಅವರಿಗೆ ನುವಲ್ಫನ್ ಲಾಮ್‌ಸಾಮ್ ಅನ್ನೋ ಮ್ಯಾನೇಜರ್ ಸಿಕ್ಕರು. ಅಲ್ಲಿ ಎಲ್ಲರೂ ಅವರನ್ನು ಮೇಡಂ ಪಾಂಗ್ ಅಂತಲೇ ಕರೆಯೋದು. ದೊಡ್ಡ ವಿಮಾ ಕಂಪನಿ ನಡೆಸುವ ಮನೆತನದವರು. ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ದೊಡ್ಡದು ಅನ್ನಿಸುತ್ತೆ. ಆಟಗಾರ್ತಿಯರಿಗೆ ತಮ್ಮ ಕಂಪನಿಯಲ್ಲೇ ಕೆಲಸ ಕೊಟ್ಟರು. ತಿಂಗಳ ಸಂಬಳ ಬರುತ್ತೆ, ಪ್ರಾಕ್ಟೀಸ್‌ಗೂ ಬಿಡುತ್ತಾರೆ. ಮನೆಯವರು "ಇನ್ನೆಷ್ಟು ದಿನ ಈ ಆಟ" ಅಂತ ಕೇಳುವ ಹಾಗಿಲ್ಲ. ನಮ್ಮಲ್ಲಿ ಪೊಲೀಸ್, ರೈಲ್ವೆ ಮಾಡಿದ ಕೆಲಸವೇ ಇದು, ಆದರೆ ಅಲ್ಲಿ ಅದು ರಾಷ್ಟ್ರೀಯ ತಂಡವನ್ನು ಗಮನದಲ್ಲಿ ಇಟ್ಟುಕೊಂಡೇ ನಡೆಯಿತು.

2015ರ ವಿಶ್ವಕಪ್‌ಗೆ ತಂಡಗಳ ಸಂಖ್ಯೆ 24ಕ್ಕೆ ಏರಿತು, ಏಷ್ಯಾಕ್ಕೆ ಐದು ಜಾಗ ಸಿಕ್ಕಿತು. ಡೋಪಿಂಗ್ ಪ್ರಕರಣದಿಂದ ಉತ್ತರ ಕೊರಿಯಾಕ್ಕೆ ನಿಷೇಧ ಬಿದ್ದಿತ್ತು. ಬಾಗಿಲು ಅಷ್ಟು ತೆರೆದಾಗ ಒಳಗೆ ಹೋಗಲು ಥಾಯ್ಲೆಂಡ್ ತಯಾರಾಗಿತ್ತು. 2014ರಲ್ಲಿ ಹೋ ಚಿ ಮಿನ್ ನಗರದಲ್ಲಿ, ವಿಯೆಟ್ನಾಂ ಜನರ ಮುಂದೆಯೇ, ವಿಯೆಟ್ನಾಂ ತಂಡವನ್ನು 2-1ರಲ್ಲಿ ಸೋಲಿಸಿ ಆ ಐದನೇ ಜಾಗ ಹಿಡಿಯಿತು. ಎರಡೂ ಗೋಲು ಕಾಂಚನಾ ಸುಂಗ್‌ನಾನ್ ಅವರದ್ದು. 2015ರ ವಿಶ್ವಕಪ್‌ನಲ್ಲಿ ಐವರಿ ಕೋಸ್ಟನ್ನು ಸೋಲಿಸಿತು. 2019ರಲ್ಲಿ ಮತ್ತೆ ಹೋಯಿತು. ಅಲ್ಲಿ ಅಮೆರಿಕ 13-0ರಲ್ಲಿ ಬಡಿಯಿತು ನಿಜ. ಐದು ದಿನದ ನಂತರ ಸ್ವೀಡನ್ ವಿರುದ್ಧ ಸೋಲುತ್ತಿದ್ದಾಗಲೇ ಕಾಂಚನಾ ಒಂದು ಗೋಲು ಹೊಡೆದರು. ಬೆಂಚಿನಲ್ಲಿದ್ದ ಮೇಡಂ ಪಾಂಗ್ ಬಿಕ್ಕಿ ಬಿಕ್ಕಿ ಅತ್ತರು. ಆ ದೃಶ್ಯವನ್ನು ಜಗತ್ತೇ ನೋಡಿತು.

ಥಾಯ್ಲೆಂಡ್ ಆ ಐದನೇ ಜಾಗ ಹಿಡಿದ 2014ರಲ್ಲೇ ನಾವು ಎಲ್ಲಿದ್ದೆವು ಗೊತ್ತಾ? ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಮಾಲ್ಡೀವ್ಸ್ ಮೇಲೆ 15-0 ಗೆದ್ದು, ಆಮೇಲೆ ದಕ್ಷಿಣ ಕೊರಿಯಾ ಎದುರು 0-10, ಥಾಯ್ಲೆಂಡ್ ಎದುರೂ 0-10 ಸೋತೆವು. 1983ರಲ್ಲಿ ಮೂರು ಗೋಲು ಇದ್ದ ವ್ಯತ್ಯಾಸ ಹತ್ತಾಗಿತ್ತು.

ಕಪ್ಪುಗಳು ಮುಚ್ಚಿಟ್ಟದ್ದು

2010ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಮಹಿಳಾ ಚಾಂಪಿಯನ್‌ಶಿಪ್ ಶುರುವಾಯಿತು, ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. ಇದು ನಮ್ಮ ತಂಡಕ್ಕೆ ಜೀವ ಕೊಟ್ಟ ಟೂರ್ನಿ, ಅದರಲ್ಲಿ ಎರಡು ಮಾತಿಲ್ಲ. ಆಡಲು ಒಂದು ಕಾರಣ ಸಿಕ್ಕಿತು, ರ‍್ಯಾಂಕಿಂಗ್‌ಗೆ ಮರಳಿದೆವು. ಭೂತಾನ್ ಮೇಲೆ 18-0, ಫೈನಲ್‌ನಲ್ಲಿ ನೇಪಾಳದ ಮೇಲೆ 1-0. ನಂತರ 2012, 2014, 2016, 2019, ಎಲ್ಲ ಸಲವೂ ಕಪ್ ನಮ್ಮದೇ. ಸತತ ಐದು.

ಆದರೆ ಈ ಐದು ಕಪ್ಪುಗಳು ಒಂದು ಕೆಟ್ಟದ್ದನ್ನೂ ಮಾಡಿದವು. ಎಲ್ಲ ಸರಿ ಇದೆ ಅನ್ನೋ ಭಾವನೆ ಬಂತು. ಎರಡು ವರ್ಷಕ್ಕೊಮ್ಮೆ ಸ್ಯಾಫ್ ಗೆದ್ದರೆ ಪತ್ರಿಕೆಯಲ್ಲಿ ಒಂದು ಫೋಟೋ, ಒಂದು ಅಭಿನಂದನೆ, ಮುಗೀತು. 2017ರ ಏಪ್ರಿಲ್‌ನಲ್ಲಿ ಪ್ಯೊಂಗ್ಯಾಂಗ್‌ನಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಉತ್ತರ ಕೊರಿಯಾ 8, ದಕ್ಷಿಣ ಕೊರಿಯಾ 10, ಉಜ್ಬೇಕಿಸ್ತಾನ 7 ಗೋಲು ಹಾಕಿದಾಗ ಕಪ್ಪಿನ ಹಿಂದೆ ಏನಿದೆ ಅಂತ ಕಂಡಿತು. ಅಕ್ಕಪಕ್ಕದವರೂ ಸುಮ್ಮನೆ ಕೂತಿರಲಿಲ್ಲ. 2022ರಲ್ಲಿ ಕಠ್ಮಂಡುವಿನಲ್ಲಿ ಬಾಂಗ್ಲಾದೇಶದ ಹುಡುಗಿಯರು ನಮ್ಮನ್ನು 3-0ರಲ್ಲಿ ಸೋಲಿಸಿದರು, ಸೆಮಿಫೈನಲ್‌ನಲ್ಲಿ ನೇಪಾಳ ಸೋಲಿಸಿತು. ಕಪ್ ಬಾಂಗ್ಲಾಕ್ಕೆ ಹೋಯಿತು. 2024ರಲ್ಲೂ ನೇಪಾಳವೇ ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ನಮ್ಮನ್ನು ಮನೆಗೆ ಕಳಿಸಿತು.

ನಡುವೆ ಒಳ್ಳೆಯದೂ ಆಯಿತು, ಅದನ್ನು ಬಿಡಬಾರದು. ಗೋವಾದ ಮೇಮೋಲ್ ರಾಕಿ ಕೋಚ್ ಆಗಿದ್ದಾಗ ತಂಡ ಮೊದಲ ಸಲ ಒಲಿಂಪಿಕ್ಸ್ ಅರ್ಹತಾ ಪಂದ್ಯಾವಳಿಯ ಎರಡನೇ ಸುತ್ತಿಗೆ ಹೋಯಿತು. 2019ರಲ್ಲಿ ಮಂಡಾಲೆಯಲ್ಲಿ ಮ್ಯಾನ್ಮಾರ್ ಜೊತೆ 3-3 ಡ್ರಾ ಆಗಿ ಸ್ವಲ್ಪದರಲ್ಲಿ ಮುಂದಿನ ಸುತ್ತು ತಪ್ಪಿತು. ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದರು. ಪಂಜಾಬಿನ ಮನೀಷಾ ಕಲ್ಯಾಣ್ 2021ರ ನವೆಂಬರ್‌ನಲ್ಲಿ ಮನಾವ್ಸ್‌ನಲ್ಲಿ ಬ್ರೆಜಿಲ್ ಮೇಲೆಯೇ ಗೋಲು ಹೊಡೆದರು. 6-1ರಲ್ಲಿ ಸೋತೆವು, ಆದರೆ ಆ ಒಂದು ಗೋಲನ್ನು ಒಮ್ಮೆ ನೋಡಿ. ಎಡಗಡೆಯಿಂದ ಓಡಿ ಬಂದು, ಒಂದೇ ಏಟಿಗೆ, ಬ್ರೆಜಿಲ್‌ನ ಬಲೆಗೆ. ಮರುವರ್ಷ ಅವರು ಸೈಪ್ರಸ್‌ನ ಅಪೊಲೊನ್ ಪರ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯಳಾದರು.

2022, ಮನೆಯಲ್ಲೇ ಆದ ಪೆಟ್ಟು

ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹೊಟ್ಟೆ ಉರಿಸುವ ಭಾಗ ಇದು. 2022ರ ಜನವರಿಯ ಏಷ್ಯಾ ಕಪ್ ಭಾರತದಲ್ಲೇ, ಮುಂಬೈ, ನವಿ ಮುಂಬೈ, ಪುಣೆಯಲ್ಲಿ. ಆತಿಥೇಯರು ಅಂತ ನೇರ ಪ್ರವೇಶ. ಸ್ವೀಡನ್‌ನ ಥಾಮಸ್ ಡೆನ್ನರ್ಬಿ ಕೋಚ್. ಮತ್ತು ಬಹಳ ವರ್ಷಗಳಲ್ಲಿ ಮೊದಲ ಸಲ ತಂಡಕ್ಕೆ ಬೇಕಾದಷ್ಟು ಪಂದ್ಯ ಕೊಟ್ಟಿದ್ದರು. ಯುಎಇ, ಬಹ್ರೇನ್, ಬ್ರೆಜಿಲ್‌ಗೆಲ್ಲ ಹೋಗಿ ಆಡಿ ಬಂದಿದ್ದರು. 2021ರ ಅಕ್ಟೋಬರ್‌ನಲ್ಲಿ ಬಹ್ರೇನ್‌ನಲ್ಲಿ ಚೈನೀಸ್ ತೈಪೆಯನ್ನು (ತೈವಾನ್ ಈಗ ಈ ಹೆಸರಲ್ಲೇ ಆಡೋದು) 1-0ರಲ್ಲಿ ಸೋಲಿಸಿದ್ದರು ಕೂಡ.

ಜನವರಿ 20ರಂದು ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಇರಾನ್ ಜೊತೆ 0-0. ಗೆಲ್ಲಬೇಕಿದ್ದ ಪಂದ್ಯ, ಗೋಲು ಬರಲಿಲ್ಲ. ಪರವಾಗಿಲ್ಲ, ಮುಂದಿನ ಪಂದ್ಯ ಅದೇ ಚೈನೀಸ್ ತೈಪೆ ಮೇಲೆ. ಜನವರಿ 23ರಂದು ಆ ಪಂದ್ಯ ನಡೆಯಲೇ ಇಲ್ಲ. ತಂಡದಲ್ಲಿ 12 ಆಟಗಾರ್ತಿಯರಿಗೆ ಕೋವಿಡ್ ಬಂದಿತ್ತು. ಮೈದಾನಕ್ಕೆ ಇಳಿಸಲು ಕನಿಷ್ಠ 13 ಮಂದಿಯ ಹೆಸರು ಕೊಡಬೇಕು, ಕೊಡಲು ಆಗಲಿಲ್ಲ. ನಿಯಮದ ಪ್ರಕಾರ ಅದು ಟೂರ್ನಿಯಿಂದಲೇ ಹಿಂದೆ ಸರಿದ ಲೆಕ್ಕ. ಇರಾನ್ ಜೊತೆ ಆಡಿದ ಪಂದ್ಯವನ್ನೂ ದಾಖಲೆಯಿಂದ ರದ್ದು ಮಾಡಿದರು.

ಆ ಟೂರ್ನಿಯಿಂದ ಐದು ತಂಡ ನೇರವಾಗಿ 2023ರ ವಿಶ್ವಕಪ್‌ಗೆ, ಇನ್ನೆರಡು ತಂಡ ಪ್ಲೇಆಫ್‌ಗೆ ಹೋಗುವುದಿತ್ತು. ಕ್ವಾರ್ಟರ್‌ಫೈನಲ್ ಮುಟ್ಟಿದ್ದರೆ ವಿಶ್ವಕಪ್ ಕೈಗೆ ಎಟುಕುವಷ್ಟು ಹತ್ತಿರ. ಸೋತಿದ್ದರೆ ಸೋತೆವು ಅಂತ ಒಪ್ಪಿಕೊಳ್ಳಬಹುದು. ಇಲ್ಲಿ ಆಡಲು ತಯಾರಾಗಿದ್ದ ತಂಡ ಹೋಟೆಲ್ ರೂಮಿನಲ್ಲಿ ಕೂತು ಹೊರಬಿತ್ತು.

ಅದು ಸಾಲದು ಅಂತ ಅದೇ ವರ್ಷ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫೆಡರೇಷನ್ನನ್ನು ಅಮಾನತು ಮಾಡಿತು, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪ ಅಂತ. ಆ ಸುದ್ದಿ ಬಂದ ಹೊತ್ತಿಗೆ ಗೋಕುಲಂ ಕೇರಳ ಕ್ಲಬ್‌ನ ಹುಡುಗಿಯರು ಏಷ್ಯಾ ಕ್ಲಬ್ ಟೂರ್ನಿ ಆಡಲು ತಾಷ್ಕೆಂಟ್ ತಲುಪಿಬಿಟ್ಟಿದ್ದರು. ಆಡದೇ ವಾಪಸ್ ಬಂದರು. ಅಮಾನತು ಹತ್ತು ದಿನಕ್ಕೆ ಹೋಯಿತು, ಆದರೆ ಅವರ ಟೂರ್ನಿ ಹೋಗಿಯೇ ಹೋಯಿತು. ಕುರ್ಚಿಯ ಜಗಳ ಯಾರದ್ದೋ, ದಂಡ ಕಟ್ಟಿದವರು ಇವರು.

ಪಂದ್ಯ ಸಿಕ್ಕಾಗ ಏನಾಯಿತು

ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು 2016-17ರಲ್ಲಿ. ಮೊದಲ ವರ್ಷಗಳಲ್ಲಿ ಅದು ಹೆಸರಿಗೆ ಲೀಗ್. ಒಂದೇ ಊರಲ್ಲಿ ಎಲ್ಲರನ್ನೂ ಸೇರಿಸಿ ಕೆಲವು ವಾರಗಳಲ್ಲಿ ಮುಗಿಸುತ್ತಿದ್ದರು. 2023-24ರಿಂದ ತವರು ಮತ್ತು ಹೊರಗಿನ ಪಂದ್ಯಗಳ ಪದ್ಧತಿ ಬಂತು. 2024-25ರಲ್ಲಿ ಎಂಟು ತಂಡ, ತಂಡಕ್ಕೆ 14 ಪಂದ್ಯ. ಮೇಲಿನ ಎಂಟು ಕ್ಲಬ್‌ಗಳು ಕನಿಷ್ಠ ಹತ್ತು ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಕರಾರು ಕೊಡಬೇಕು ಅಂತ ಫೆಡರೇಷನ್ ಹೇಳಿತು. ತಿಂಗಳಿಗೆ ಲೆಕ್ಕ ಹಾಕಿದರೆ 27 ಸಾವಿರದ ಹತ್ತಿರ. ಜಾಸ್ತಿ ಅಲ್ಲ, ಆದರೆ ಮೊದಲು ಇದೂ ಇರಲಿಲ್ಲ. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರಲ್ಲಿ ಈ ಲೀಗ್‌ನ ಫೈನಲ್‌ವರೆಗೂ ಹೋಗಿತ್ತು.

2025ರ ಏಷ್ಯಾ ಕಪ್ ಅರ್ಹತಾ ಸುತ್ತಿಗೆ ತಂಡ ತಯಾರಾದ ರೀತಿ ನೋಡಿ. 2024ರ ಡಿಸೆಂಬರ್ 30ರಂದು ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ಮಾಲ್ಡೀವ್ಸ್ ಮೇಲೆ 14-0. ಅದೊಂದು ಅಭ್ಯಾಸ ಅಷ್ಟೇ. ಫೆಬ್ರವರಿಯಲ್ಲಿ ಶಾರ್ಜಾದಲ್ಲಿ ಜೋರ್ಡಾನ್ ಮೇಲೆ 2-0 ಗೆದ್ದು, ರಷ್ಯಾ, ದಕ್ಷಿಣ ಕೊರಿಯಾ ಎದುರು ಸೋತರು. ಕೊರಿಯಾ ಹಾಕಿದ್ದು ಮೂರು ಗೋಲು, ಹತ್ತಲ್ಲ. ಮೇ ತಿಂಗಳಲ್ಲಿ ಮತ್ತೆ ಬೆಂಗಳೂರಿನಲ್ಲೇ ಉದ್ದನೆಯ ಕ್ಯಾಂಪ್. ಕೊನೆಗೆ ಅಲ್ಲೇ ಉಜ್ಬೇಕಿಸ್ತಾನದ ಜೊತೆ ಎರಡು ಫ್ರೆಂಡ್ಲಿ. ಎರಡೂ 0-1 ಸೋಲು. ಸ್ಕೋರ್ ಮಾತ್ರ ನೋಡುವವರಿಗೆ ಇದೇನು ತಯಾರಿ ಅನ್ನಿಸಬಹುದು. ನನಗೆ ಅನ್ನಿಸೋದು ಬೇರೆ. 2017ರಲ್ಲಿ ಏಳು ಗೋಲು ಹಾಕಿದ್ದ ತಂಡದ ಎದುರು ಒಂದೇ ಗೋಲಿನಲ್ಲಿ ಸೋಲೋದು ಕಲಿತಿದ್ದರು, ಮತ್ತು ತಮಗಿಂತ ಬಲವಾದವರ ಜೊತೆ ತೊಂಬತ್ತು ನಿಮಿಷ ನಿಲ್ಲೋದು ಹೇಗೆ ಅಂತ ಕಾಲಿಗೆ ಅಭ್ಯಾಸ ಆಗಿತ್ತು.

ಜೂನ್ ಕೊನೆಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್. ಕೋಚ್ ಕ್ರಿಸ್ಪಿನ್ ಛೆಟ್ರಿ. ಮಂಗೋಲಿಯಾ ಮೇಲೆ 13-0, ತಿಮೋರ್ ಲೆಸ್ಟೆ ಮೇಲೆ 4-0, ಇರಾಕ್ ಮೇಲೆ 5-0. ಒಟ್ಟು 22 ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಆತಿಥೇಯ ಥಾಯ್ಲೆಂಡಿನದ್ದೂ ಸರಿಯಾಗಿ ಅದೇ ಲೆಕ್ಕ, 22 ಮತ್ತು ಸೊನ್ನೆ! ಒಂದೇ ತಂಡಕ್ಕೆ ಜಾಗ. ಜುಲೈ 5ರ ಪಂದ್ಯ ಡ್ರಾ ಆದರೆ ಪೆನಾಲ್ಟಿ. ಥಾಯ್ಲೆಂಡ್ ರ‍್ಯಾಂಕಿಂಗ್‌ನಲ್ಲಿ 46, ನಾವು 70.

28ನೇ ನಿಮಿಷದಲ್ಲಿ ಸಂಗೀತಾ ಬಾಸ್ಫೋರ್ ಗೋಲು ಹೊಡೆದರು. ಬಂಗಾಳದ ಕಲ್ಯಾಣಿಯ ಹುಡುಗಿ, ಸಶಸ್ತ್ರ ಸೀಮಾ ಬಲದ ನೌಕರಿ. ವಿರಾಮ ಮುಗಿದು ಎರಡೇ ನಿಮಿಷಕ್ಕೆ ಥಾಯ್ಲೆಂಡ್ ಸಮ ಮಾಡಿತು. ಹಿಂದಿನ ಭಾರತ ತಂಡಗಳು ಮುರಿದು ಬೀಳುತ್ತಿದ್ದದ್ದು ಇಂಥ ಹೊತ್ತಲ್ಲೇ. ಒಂದು ಗೋಲು ಬಿತ್ತು ಅಂದರೆ ಹಿಂದೆಯೇ ಎರಡು ಮೂರು ಬೀಳೋದು. ಈ ಸಲ ಬೀಳಲಿಲ್ಲ. 74ನೇ ನಿಮಿಷದಲ್ಲಿ ಮತ್ತೆ ಸಂಗೀತಾ. ಉಳಿದ ಹದಿನಾರು ನಿಮಿಷ, ಮೇಲೊಂದಿಷ್ಟು, ಥಾಯ್ಲೆಂಡ್ ಬಂದು ಬಂದು ಹೊಡೆದರೂ ನಮ್ಮವರು ಬಿಡಲಿಲ್ಲ. 2-1. ಅರ್ಹತಾ ಸುತ್ತು ಆಡಿ, ಗೆದ್ದು, ಏಷ್ಯಾ ಕಪ್‌ಗೆ ಭಾರತ ಹೋಗಿದ್ದು ಇದೇ ಮೊದಲು. 2019ರ ನಂತರ ಥಾಯ್ಲೆಂಡ್ ಸ್ವಲ್ಪ ಇಳಿದಿದೆ ಅನ್ನೋದೂ ನಿಜ, 2023ರ ವಿಶ್ವಕಪ್‌ಗೆ ಅವರು ಹೋಗಲಾಗಲಿಲ್ಲ. ಹಾಗಂತ ಅವರ ಮನೆಯಲ್ಲಿ ಅವರನ್ನು ಸೋಲಿಸೋದು ಸುಲಭದ ಕೆಲಸ ಅಲ್ಲ. 2026ರ ಆಸ್ಟ್ರೇಲಿಯಾ ಏಷ್ಯಾ ಕಪ್‌ಗೆ ಡ್ರಾ ಎತ್ತಿದಾಗ ಭಾರತದ ಗುಂಪಿಗೆ ಬಂದದ್ದು ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ.

ಚಿಯಾಂಗ್ ಮಾಯ್ ತಂಡದಲ್ಲಿ ಶಿಲ್ಕಿ ದೇವಿ, ಲಿಂಡಾ ಕೋಮ್ ಅನ್ನೋ ಚಿಕ್ಕ ಹುಡುಗಿಯರಿದ್ದರು. ಇವರು 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ತಂಡದಲ್ಲಿದ್ದವರು. ಆ ತಂಡ ಅಮೆರಿಕದ ಎದುರು 0-8, ಮೊರಾಕೊ ಎದುರು 0-3, ಬ್ರೆಜಿಲ್ ಎದುರು 0-5 ಸೋತಾಗ "ಇಂಥವರನ್ನು ಯಾಕೆ ಆಡಿಸಬೇಕು, ಮಾನ ಹೋಯಿತು" ಅಂದವರು ಬೇಕಾದಷ್ಟು ಜನ. ಮೂರು ವರ್ಷವೂ ಆಗಿರಲಿಲ್ಲ, ಅದೇ ಹುಡುಗಿಯರು ಸೀನಿಯರ್ ತಂಡದಲ್ಲಿ ಏಷ್ಯಾ ಕಪ್ ಟಿಕೆಟ್ ಗೆದ್ದರು. 1998ರ ತಂಡಕ್ಕೆ 16 ಗೋಲಿನ ಸೋಲಿನ ನಂತರ ಇಂಥ ಅವಕಾಶ ಕೊಡಲಿಲ್ಲ.

ಸೀನಿಯರ್ ತಂಡದ ಬೆನ್ನಿಗೇ 2025ರ ಆಗಸ್ಟ್‌ನಲ್ಲಿ 20 ವರ್ಷದೊಳಗಿನವರು ಯಾಂಗೂನ್‌ನಲ್ಲಿ ಆತಿಥೇಯ ಮ್ಯಾನ್ಮಾರನ್ನು 1-0ರಲ್ಲಿ ಸೋಲಿಸಿ ತಮ್ಮ ಏಷ್ಯಾ ಕಪ್‌ಗೆ ಹೋದರು. ಅಕ್ಟೋಬರ್‌ನಲ್ಲಿ 17ರೊಳಗಿನವರು ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನವನ್ನು 2-1ರಲ್ಲಿ ಸೋಲಿಸಿದರು, ಅವರೂ ಹೋದರು. ನಾಲ್ಕು ತಿಂಗಳಲ್ಲಿ ಮೂರು ತಂಡ. ಈ 17ರ ಹುಡುಗಿಯರಿಗೆ ಸೀನಿಯರ್ ತಂಡ ಸಿಗಲು ಇನ್ನೂ ನಾಲ್ಕೈದು ವರ್ಷ ಬೇಕು. ಆ ನಾಲ್ಕೈದು ವರ್ಷ ಅವರು ಯಾವ ಲೀಗ್‌ನಲ್ಲಿ ಆಡುತ್ತಾರೆ, ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತೆ, ಕರಾರಿನ ದುಡ್ಡು ಹೊತ್ತಿಗೆ ಬರುತ್ತಾ, ದೇಶಗಳ ಪಂದ್ಯಕ್ಕೆ ಅಂತ ಫಿಫಾ ಬಿಡುವು ಕೊಡುವ ದಿನಗಳಲ್ಲಿ ಫೆಡರೇಷನ್ ಯಾರನ್ನು ಆಡಲು ಕರೆಯುತ್ತೆ ಅನ್ನೋದನ್ನು ಈಗಿನಿಂದಲೇ ಕೇಳುತ್ತಾ ಇರಬೇಕು. ತಂಡ ಗೆದ್ದಾಗ ಮಾತ್ರ ಅಲ್ಲ, ಪಂದ್ಯವೇ ಇಲ್ಲದ ತಿಂಗಳುಗಳಲ್ಲಿ ಇನ್ನೂ ಜೋರಾಗಿ.